ಟಚ್‌ಪ್ಯಾಡ್ ಮುಟ್ಟಿದರೂ ಟೈಮ್ ಬೀಳುತ್ತಿಲ್ಲ, ಪ್ರಾಕ್ಟೀಸ್‌ನಲ್ಲಿ ಮಾತ್ರ!

ಲೇನ್_ನಾಲ್ಕು: ತಲೆ ಕೆಟ್ಟುಹೋಗಿದೆ. ಈಜು ಸ್ಪರ್ಧೆಯಲ್ಲಿ (ಮೀಟ್) ಇದೇ ಪ್ಯಾಡ್ (ಕೊಳದ ಗೋಡೆಗೆ ಹಾಕೋದು, ಈಜುಗಾರ ಮುಟ್ಟಿದರೆ ಟೈಮ್ ಬೀಳುತ್ತದೆ), ಇದೇ ಕನ್ಸೋಲ್ (ಟೈಮ್ ದಾಖಲಿಸೋ ಯಂತ್ರ), ಒಂದು ಟೈಮೂ ತಪ್ಪಲಿಲ್ಲ. ಪ್ರಾಕ್ಟೀಸ್‌ಗೆ ಹಾಕಿದರೆ ಒಂದು ಟಚ್ ಬೀಳುತ್ತದೆ, ಮುಂದಿನ ಎರಡು ಬೀಳಲ್ಲ, ಆಮೇಲಿನದು ಒಮ್ಮೊಮ್ಮೆ ಬೀಳುತ್ತದೆ. ಹುಡುಗರು ಗಟ್ಟಿಯಾಗೇ ಒತ್ತುತ್ತಿದ್ದಾರೆ. ಯಾರಿಗಾದರೂ ಹೀಗಾಗಿದೆಯಾ?

ನೀರುಕಾಗೆ: ಕನೆಕ್ಟರ್. ಕಣ್ಣು ಮುಚ್ಚಿ ಹೇಳ್ತೀನಿ. ಕ್ಲೋರಿನ್ ನೀರಿಗೆ ಕೇಬಲ್ ತುದಿಯ ಬನಾನಾ ಪ್ಲಗ್ ಹಸಿರುಗಟ್ಟಿರುತ್ತದೆ. ಬಿಚ್ಚಿ, ಒಳ್ಳೇ ನೀರಲ್ಲಿ ತೊಳೆದು ಒಣಗಿಸಿ.

ಲೇನ್_ನಾಲ್ಕು: ಮಾಡಾಯ್ತು ಸರ್. ಅದೇ ಕಥೆ.

ನೀರುಕಾಗೆ: ಸರಿಯಾಗಿ ಒಣಗಿರಲ್ಲ. ಮಲ್ಟಿಮೀಟರ್ ಹಿಡಿಯಿರಿ. ಒತ್ತದೇ ಇದ್ದಾಗ ಸರ್ಕ್ಯೂಟ್ ಓಪನ್ ಇರಬೇಕು, ಒತ್ತಿದಾಗ ರೆಸಿಸ್ಟೆನ್ಸ್ ಸೊನ್ನೆ ಹತ್ತಿರಕ್ಕೆ ಬರಬೇಕು.

ಲೇನ್_ನಾಲ್ಕು: ಹಾಗೇ ಬರ್ತಿದೆ.

ನೀರುಕಾಗೆ: ಹಾಗಾದ್ರೆ ಕೇಬಲ್ ಒಳಗೆ ತುಂಡಾಗಿದೆ. ಬದಲಾಯಿಸಿ.

ಸ್ಟಾಪ್‌ವಾಚ್_ಭಟ: ಪ್ರಾಕ್ಟೀಸ್‌ಗೆ ಪ್ಯಾಡ್ ಯಾಕೆ ಸ್ವಾಮಿ? ಕೈಲಿ ವಾಚ್ ಇದ್ದರೆ ಸಾಕು.

ಉಲ್ಟಾ_ಟರ್ನ್: ಸಾಕಾಗಲ್ಲ. ಸ್ಟಾರ್ಟ್ ಹಾರ್ನ್ ಕೇಳಿ ವಾಚ್ ಬಟನ್ ಒತ್ತುವ ಹೊತ್ತಿಗೆ ಸುಮಾರು 0.2 ಸೆಕೆಂಡ್ ಹೋಗಿರುತ್ತದೆ. ಫಿನಿಶ್‌ನಲ್ಲಿ ಕೈ ಬರೋದು ಮೊದಲೇ ಕಾಣುತ್ತದಲ್ಲ, ಅಲ್ಲಿ ಅಷ್ಟು ತಡ ಆಗಲ್ಲ. ಅದಕ್ಕೇ ಕಮ್ಮಿ ಬರೋ ವಾಚ್ ಟೈಮ್ ನೋಡಿ ಅಪ್ಪ-ಅಮ್ಮಂದಿರು ಖುಷಿಪಡೋದು.

ಸ್ಟಾಪ್‌ವಾಚ್_ಭಟ: 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 400 ಮೀ. ಮೆಡ್ಲೆ ಚಿನ್ನ 0.002 ಸೆಕೆಂಡಲ್ಲಿ ತೀರ್ಮಾನ ಆಯ್ತು. ಆಮೇಲೆ ನಿಯಮ ಮಾಡೋರೇ ಸೆಕೆಂಡಿನ ನೂರನೇ ಭಾಗಕ್ಕೆ ಸಾಕು ಅಂದರು. ಲೇನ್ ಉದ್ದದಲ್ಲೇ 3 ಸೆಂ.ಮೀ. ಹೆಚ್ಚಿರಬಹುದು ಅನ್ನುತ್ತದೆ ನಿಯಮ. ಜಾಸ್ತಿ ಹಾರಾಡಬೇಡಿ.

ಉಲ್ಟಾ_ಟರ್ನ್: ಅದಕ್ಕೂ ಇದಕ್ಕೂ ಏನು ಸಂಬಂಧ? ಸೆಕೆಂಡಿನ ಸಾವಿರನೇ ಭಾಗದ ಲೆಕ್ಕ ಯಾರು ಕೇಳಿದರು ಇಲ್ಲಿ?

ಪುಲ್‌ಬಾಯ್: ಜಗಳ ಆಮೇಲೆ ಆಡಿ. ಲೇನ್_ನಾಲ್ಕು, ಒಂದು ಲೇನಲ್ಲಿ ಎಷ್ಟು ಜನ ಬಿಡ್ತೀರಿ? ಎಷ್ಟು ಗ್ಯಾಪ್?

ಲೇನ್_ನಾಲ್ಕು: ಐದು ಜನ, 5 ಸೆಕೆಂಡ್ ಗ್ಯಾಪ್. ಎಲ್ಲರೂ ಹಾಗೇ ತಾನೇ ಬಿಡೋದು?

ಪುಲ್‌ಬಾಯ್: ಅದನ್ನ ಮೊದಲೇ ಹೇಳಬಾರದಾ! ಕನ್ಸೋಲ್ ಇನ್ನೂ ಮೀಟ್ ಸೆಟ್ಟಿಂಗ್‌ನಲ್ಲೇ ಇದೆ. ಒಂದು ಟಚ್ ಆದಮೇಲೆ ಸ್ವಲ್ಪ ಹೊತ್ತು ಆ ಲೇನ್ ಕಿವುಡಾಗುತ್ತದೆ. ಟರ್ನ್‌ನಲ್ಲಿ ಕೈ ತಾಗಿ, ಮತ್ತೆ ಕಾಲು ತಾಗಿದಾಗ ಎರಡು ಸಲ ಲೆಕ್ಕ ಆಗಬಾರದಲ್ಲ, ಅದಕ್ಕೆ. ನಿಮ್ಮದು 15 ಸೆಕೆಂಡ್‌ಗೆ ಇಟ್ಟಿರಬೇಕು. ಎರಡನೆಯವನು 5ಕ್ಕೆ, ಮೂರನೆಯವನು 10ಕ್ಕೆ ಬರ್ತಾನೆ, ಇಬ್ಬರೂ ಹೋದರು. ನಾಲ್ಕನೆಯವನು ಅಂಚಿನಲ್ಲಿ, ಅದಕ್ಕೇ ಒಮ್ಮೊಮ್ಮೆ. ಈ ಕಿವುಡು ಹೊತ್ತನ್ನ, ಅಂದರೆ ಲಾಕ್‌ಔಟ್, 3 ಸೆಕೆಂಡ್‌ಗೆ ಇಳಿಸಿ. ತೀರಾ ಕಮ್ಮಿ ಮಾಡಿದರೆ ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಟರ್ನ್‌ಗಳು ಡಬಲ್ ಬೀಳುತ್ತವೆ. ಕನ್ಸೋಲ್‌ನಲ್ಲಿ ರೇಸ್ ದೂರ 1500 ಮೀ. ಅಂತ ಹಾಕಿ, ಇಲ್ಲದಿದ್ದರೆ ಟಚ್‌ಗಳ ಲೆಕ್ಕ ಮುಗಿದು ಲೇನ್ ನಡುವೆ ಮುಚ್ಚಿಕೊಳ್ಳುತ್ತದೆ. ಗಡಿಯಾರ ಒಂದೇ ಆದ್ದರಿಂದ ಎರಡನೆಯವನ ಟೈಮಿಂದ 5 ಕಳೆಯಿರಿ, ಮೂರನೆಯವನದರಿಂದ 10. ಯಾರಾದರೂ ಹಿಂದಿಕ್ಕಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಗ್ಯಾಪ್ 10 ಮಾಡಿದರೆ ವಾಸಿ.

ನೀರುಕಾಗೆ: ಕೇಬಲ್ ಒಮ್ಮೆ ನೋಡಿ, ಆದರೂ.

ಲೇನ್_ನಾಲ್ಕು: 15 ಇತ್ತು! 3 ಮಾಡಿದೆ, ಐದೂ ಬಂತು. ಈಗ ಹೊಸ ತಲೆನೋವು. ಮುಗಿಸಿದವರು ಪ್ಯಾಡ್‌ಗೇ ಒರಗಿ ಉಸಿರು ತಗೋತಾರೆ. ಒತ್ತಿಕೊಂಡೇ ಇದ್ದರೆ ಹಿಂದಿನವನ ಟಚ್ ಬೀಳಲ್ಲ.

ಪುಲ್‌ಬಾಯ್: ಮುಟ್ಟಿ, ಪಕ್ಕಕ್ಕೆ ಸರಿದು ಲೇನ್ ರೋಪ್ ಹಿಡಿದುಕೊಳ್ಳಲಿ. ಬೇರೆ ದಾರಿ ನನಗೆ ಗೊತ್ತಿಲ್ಲ.

ಉಲ್ಟಾ_ಟರ್ನ್: ನಮ್ಮಲ್ಲಿ ಎರಡೂ ತುದಿಗೆ ಪ್ಯಾಡ್, ಪ್ರತಿ ಸ್ಟಾರ್ಟಿಂಗ್ ಬ್ಲಾಕ್‌ಗೂ ಸ್ಪೀಕರ್. 25 ಮೀಟರ್ ಆಚೆಯವನಿಗೆ ಹಾರ್ನ್ 0.07 ಸೆಕೆಂಡ್ ತಡವಾಗಿ ಕೇಳೋ ರಗಳೆ ಇಲ್ಲ.

ಸ್ಟಾಪ್‌ವಾಚ್_ಭಟ: ನಮ್ಮಲ್ಲಿ ಒರಗೋ ರಗಳೆನೇ ಇಲ್ಲ.

ಲೇನ್_ನಾಲ್ಕು: ಬ್ಯಾಕ್‌ಅಪ್ ಬಟನ್‌ನೂ (ಪ್ಯಾಡ್ ಕೈಕೊಟ್ಟರೆ ಅಂತ ಟೈಮರ್ ಕೈಯಲ್ಲಿ ಒತ್ತೋದು) ಪ್ರಾಕ್ಟೀಸ್‌ಗೆ ಬಳಸಬಹುದಾ? ಯಾರಾದರೂ?