ಆಯಿಲ್ ಬದಲಿಸಿದ ಮೇಲೆ ಎಟಿವಿ ಕ್ಲಚ್ ಜಾರುತ್ತಿದೆ, ಯಾವ ಆಯಿಲ್ ಹಾಕಬೇಕು?

ಮಾವಿನತೋಟ, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ತೋಟದಲ್ಲಿ ಔಷಧಿ ಡ್ರಮ್ಮು, ಕ್ರೇಟು ಸಾಗಿಸೋಕೆ ಒಂದು 200 ಸಿಸಿ ಎಟಿವಿ (ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಇಟ್ಟುಕೊಂಡಿದ್ದೇನೆ. ಏರ್‌ಕೂಲ್ಡ್ ಇಂಜಿನ್, ಕೈ ಕ್ಲಚ್. ಸೆಕೆಂಡ್‌ಹ್ಯಾಂಡ್ ಗಾಡಿ, ಜೊತೆಗೆ ಪುಸ್ತಕ ಬರಲಿಲ್ಲ. ಹೋದ ವಾರ ಆಯಿಲ್ ಬದಲಿಸಿದೆ. ಅಂಗಡಿಯವರು ‘ಇದಕ್ಕಿಂತ ಒಳ್ಳೇದು ಇಲ್ಲ’ ಅಂತ 5ಡಬ್ಲ್ಯೂ-30 ಸಿಂಥೆಟಿಕ್ ಕೊಟ್ಟರು. ಎರಡು ದಿನ ಚೆನ್ನಾಗಿತ್ತು. ಈಗ ಡ್ರಮ್ ಹೇರಿಕೊಂಡು ಬಾವಿ ಪಕ್ಕದ ಏರು ಹತ್ತುವಾಗ ಇಂಜಿನ್ ಮಾತ್ರ ಕಿರುಚುತ್ತದೆ, ಗಾಡಿ ಮುಂದೆ ಹೋಗಲ್ಲ. ಕಾಯಿ ಕೀಳುವ ಕಾಲ ಹತ್ತಿರ ಬಂತು, ತುಂಬಾ ಚಿಂತೆ ಆಗಿದೆ. ಆಯಿಲ್‌ನಿಂದ ಹೀಗಾಗುತ್ತಾ?

ಸ್ಪ್ಯಾನರ್, ಕೋಲಾರ

ಆಗುತ್ತೆ ಅಣ್ಣ. ಮೊದಲು ಕ್ಲಚ್ ಕೇಬಲ್ ನೋಡಿ, ಲಿವರ್‌ನಲ್ಲಿ ಸ್ವಲ್ಪ ಪ್ಲೇ (ಸಡಿಲ) ಇರಬೇಕು. ಅದು ಸರಿ ಇದ್ದರೆ ಕ್ಯಾನಿನ ಹಿಂದುಗಡೆ ದುಂಡಗಿನ ಎಪಿಐ ಗುರುತು (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯದು, ಆಯಿಲ್‌ನ ದರ್ಜೆ ಹೇಳುತ್ತದೆ) ಹುಡುಕಿ. ಅದರ ಕೆಳಗಿನ ಅರ್ಧದಲ್ಲಿ ಏನು ಬರೆದಿದೆ ಹೇಳಿ.

ಮಾವಿನತೋಟ, ಶ್ರೀನಿವಾಸಪುರ

ಕೇಬಲ್ ಸರಿ ಇದೆ. ಗುರುತಿನ ಮೇಲುಗಡೆ ಎಸ್‌ಎನ್, ನಡುವೆ 5ಡಬ್ಲ್ಯೂ-30, ಕೆಳಗೆ ‘ರಿಸೋರ್ಸ್ ಕನ್ಸರ್ವಿಂಗ್’ ಅಂತ ಇದೆ.

ಸ್ಪ್ಯಾನರ್, ಕೋಲಾರ

‘ರಿಸೋರ್ಸ್ ಕನ್ಸರ್ವಿಂಗ್’ ಅಂದರೆ ಪೆಟ್ರೋಲ್ ಉಳಿಸುವ ಆಯಿಲ್, ಹಾಗಾದರೆ ಅದು ಕಾರಿನ ಆಯಿಲ್. ಕಾರಿಗೆ ಬಲು ಒಳ್ಳೆಯದು, ನಿಮ್ಮ ಗಾಡಿಗೆ ಅಲ್ಲ. ಕಾರಿನ ಕ್ಲಚ್ ಇಂಜಿನ್‌ನ ಹೊರಗೆ ಒಣಗಿಕೊಂಡು ಇರುತ್ತದೆ. ಕೈ ಕ್ಲಚ್ ಇರುವ ನಿಮ್ಮಂಥ ಗಾಡಿಯಲ್ಲಿ ಬೈಕಿನ ಹಾಗೆ ಇಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಪೆಟ್ರೋಲ್ ಉಳಿಸೋಕೆ ಅಂತ ಕಾರಿನ ಆಯಿಲ್‌ಗೆ ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕ್ಲಚ್ ಪ್ಲೇಟ್‌ಗಳು ನಿಂತಿರುವುದೇ ಆ ಉಜ್ಜಾಟದ ಮೇಲೆ. ಅದು ಹೋದರೆ ಭಾರ ಬಿದ್ದಾಗ ಜಾರುತ್ತವೆ, ಜಾರಿ ಜಾರಿ ಸುಡುತ್ತವೆ.

ನೀವು ನೋಡಬೇಕಾದ್ದು ಜಾಸೋ ಗುರುತು. ಜಪಾನಿನವರು 1998ರಲ್ಲಿ ನಾಲ್ಕು ಸ್ಟ್ರೋಕ್ ಬೈಕ್‌ಗಳಿಗೆ ಅಂತಲೇ ತಂದ ಅಳತೆ ಅದು. ಎಂಎ ಅಥವಾ ಎಂಎ2 ಅಂದರೆ ಕ್ಲಚ್‌ಗೆ ಹಿಡಿತ ಕೊಡುವ ಆಯಿಲ್. ಎಂಬಿ ಅಂದರೆ ಉಜ್ಜಾಟ ಕಡಿಮೆ, ಸಾಮಾನ್ಯವಾಗಿ ಸ್ಕೂಟರ್ ಆಯಿಲ್ ಡಬ್ಬಿ ಮೇಲೆ ಕಾಣುತ್ತದೆ. ಅದನ್ನು ಮುಟ್ಟಲೇಬೇಡಿ. ಬೆಲೆ ನೋಡಬೇಡಿ, ಈ ಎರಡಕ್ಷರ ನೋಡಿ.

ಇನ್ನು ನಂಬರ್. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಗೆ. 20ಡಬ್ಲ್ಯೂ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 10ಡಬ್ಲ್ಯೂವನ್ನು ಮೈನಸ್ 25ರಲ್ಲಿ. ನಮ್ಮ ಕೋಲಾರದ ಚಳಿಗೆ ಯಾವುದಾದರೂ ಸಾಕು, ಅಲ್ವಾ? ನಮಗೆ ಮುಖ್ಯ ಕೊನೆಯ ಅಂಕಿ, ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನೋದು. ನೀವು ಭಾರ ಹೇರಿ ನಿಧಾನಕ್ಕೆ ಓಡಿಸುತ್ತೀರಿ, ಏರ್‌ಕೂಲ್ಡ್ ಇಂಜಿನ್‌ಗೆ ಗಾಳಿ ಸರಿಯಾಗಿ ತಾಗುವುದಿಲ್ಲ. ಅದಕ್ಕೆ 30 ತೆಳು. ಇಂಥ ಇಂಜಿನ್‌ಗೆ ನಾನು 10ಡಬ್ಲ್ಯೂ-40 ಹಾಕುತ್ತೇನೆ, ಬೇಸಿಗೆಯಲ್ಲಿ ದಿನವಿಡೀ ಕೆಲಸ ಇದ್ದರೆ 20ಡಬ್ಲ್ಯೂ-50.

ಇವತ್ತೇ ಇಂಜಿನ್ ಬೆಚ್ಚಗೆ ಮಾಡಿ ಆಯಿಲ್ ಪೂರ್ತಿ ಇಳಿಸಿ. ಆಯಿಲ್ ಸೋಸುವ ಜಾಲರಿ ತೊಳೆಯಿರಿ, ಆಯಿಲ್ ಇಳಿಸುವ ಪ್ಲಗ್‌ನ ವಾಷರ್ ಹೊಸದು ಹಾಕಿ. ಎಂಎ2 ತುಂಬಿಸಿ ಎರಡು ಮೂರು ದಿನ ಭಾರ ಇಲ್ಲದೆ ಓಡಿಸಿ, ಮತ್ತೆ ಇಳಿಸಿ ಹೊಸದು ಹಾಕಿ. ಪ್ಲೇಟ್‌ಗಳ ಸಂದಿಯಲ್ಲಿ ಕುಳಿತಿರುವ ಹಳೇ ಆಯಿಲ್ ಒಂದೇ ಸಲಕ್ಕೆ ಹೋಗುವುದಿಲ್ಲ. ದುಡ್ಡು ದಂಡ ಅನಿಸಬಹುದು, ಪ್ಲೇಟ್ ಸೆಟ್ಟಿಗಿಂತ ಕಡಿಮೆ.

ಗುಡ್ಡದದಾರಿ, ಗೌರಿಬಿದನೂರು

ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿನ 15ಡಬ್ಲ್ಯೂ-40 ಇದೆ, ಅದೇ ಹಾಕಬಹುದಾ? ನನ್ನದು ಸ್ಕೂಟರಿನ ಹಾಗೆ ಬೆಲ್ಟ್ ಮೇಲೆ ಓಡುವ ಎಟಿವಿ.

ಸ್ಪ್ಯಾನರ್, ಕೋಲಾರ

ಡಬ್ಬಿ ಮೇಲೆ ಜಾಸೋ ಎಂಎ ಇಲ್ಲದಿದ್ದರೆ ಒದ್ದೆ ಕ್ಲಚ್ಚಿಗೆ ನಾನು ಹಾಕಲ್ಲ. ಬೆಲ್ಟ್ ಗಾಡಿಯ ಲೆಕ್ಕ ಬೇರೆ. ಪೋಲಾರಿಸ್ ಕಂಪನಿಯ ಬೆಲ್ಟ್ ಎಟಿವಿಗಳಲ್ಲಿ ಬೆಲ್ಟ್ ಮತ್ತು ಕ್ಲಚ್ ಒಣಗಿರುತ್ತವೆ, ಅವರ ಪಿಎಸ್-4 ಆಯಿಲ್ 5ಡಬ್ಲ್ಯೂ-50. ಆದರೆ ಬೆಲ್ಟ್ ಇದ್ದ ಮಾತ್ರಕ್ಕೆ ಒಣ ಕ್ಲಚ್ ಅಂದುಕೊಳ್ಳಬೇಡಿ. ಯಮಹಾ ಗ್ರಿಜ್ಲಿಯಲ್ಲಿ ಬೆಲ್ಟೂ ಇದೆ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚೂ ಇದೆ. ನಿಮ್ಮ ಗಾಡಿಯ ಪುಸ್ತಕ ನೋಡಿ ಹಾಕಿ.

ಮಾವಿನತೋಟ, ಶ್ರೀನಿವಾಸಪುರ

ಹತ್ತು ದಿನ ಆಯ್ತು, ವಿಷಯ ತಿಳಿಸೋಣ ಅಂತ ಬಂದೆ. ಮೊದಲ ಸಲ ಇಳಿಸಿದಾಗ ಆಯಿಲ್‌ಗೆ ಸುಟ್ಟ ವಾಸನೆ ಇತ್ತು. ಎರಡನೇ ಸಲ ಬದಲಿಸಿದ ಮೇಲೆ ಖಾಲಿ ಗಾಡಿ ಸರಿಯಾಯಿತು, ಅರ್ಧ ಡ್ರಮ್ ಹೇರಿದರೂ ಏರು ಹತ್ತಿತು. ತುಂಬಿದ ಡ್ರಮ್ ಹೇರಿದರೆ ಮೂರನೇ ಗೇರಿನಲ್ಲಿ ಇನ್ನೂ ಸ್ವಲ್ಪ ಜಾರುತ್ತದೆ.

ಸ್ಪ್ಯಾನರ್, ಕೋಲಾರ

ಆ ವಾಸನೆ ಬಂದಿತ್ತು ಅಂದರೆ ಪ್ಲೇಟ್ ಒಂದಷ್ಟು ಸುಟ್ಟಿವೆ. ಇನ್ನು ಆಯಿಲ್ ಬದಲಿಸಿ ಪ್ರಯೋಜನ ಇಲ್ಲ. ಕಾಯಿ ಕೀಳೋಕೆ ಮುಂಚೆ ಬಿಚ್ಚಿಸಿ ಪ್ಲೇಟ್, ಸ್ಪ್ರಿಂಗ್ ಎರಡೂ ಹಾಕಿಸಿ. ಹೊಸ ಪ್ಲೇಟ್‌ಗಳನ್ನು ಒಂದು ರಾತ್ರಿ ಅದೇ ಎಂಎ2 ಆಯಿಲ್‌ನಲ್ಲಿ ನೆನೆಸಿ ಕೂರಿಸಲು ಹೇಳಿ. ಇಳಿಸಿದ ಆಯಿಲನ್ನು ಮರದ ಬುಡಕ್ಕೋ ಗೆದ್ದಲಿಗೋ ಸುರಿಯಬೇಡಿ ಅಣ್ಣ, ಮಣ್ಣು ಕೆಡುತ್ತದೆ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಟ್ಟುಬಿಡಿ.