ಪುಟ್ಟಿ, ಚಿನ್ನುವಿನ ಕಿಲ್ಟ್ ವಿಷಯ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಅರ್ಧಕ್ಕೇ ನಿಂತುಬಿಡುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತೇನೆ. ಪೂರ್ತಿ ಕೇಳು. ಚಿನ್ನು ನವೆಂಬರ್ 30ಕ್ಕೆ, ಸ್ಕಾಟ್ಲೆಂಡಿನವರ ಸೇಂಟ್ ಆಂಡ್ರ್ಯೂ ದಿನಕ್ಕೆ, ಎಡಿನ್‌ಬರೋ ಆಫೀಸಿಗೆ ಕಿಲ್ಟ್ ಉಟ್ಟುಕೊಂಡು ಹೋಗುತ್ತೇನೆ ಅಂತಿದ್ದಾನೆ, ಅದೇ ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ಚೌಕಳಿ ನೆರಿಗೆ ಬಟ್ಟೆ. ಜನ ನಗುತ್ತಾರಾ ಮಾವ, ನಮ್ಮ ಬಟ್ಟೆ ಇವನಿಗ್ಯಾಕೆ ಅಂತ ಸಿಟ್ಟಾಗುತ್ತಾರಾ, ಕೆಲಸಕ್ಕೇನಾದರೂ ತೊಂದರೆಯಾ, ಅಂತ ಕೇಳಿದ್ದೀಯ. ತಾಯಿಗೆ ಹೆದರಿಕೆ ಆಗುವುದೇ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪಿನ್ನಿನ ವಿಷಯ.

ಕಿಲ್ಟಿನ ಮುಂದೆ ಒಂದರ ಮೇಲೊಂದು ಎರಡು ಪದರ ಬರುತ್ತದೆ, ಪಿನ್ನನ್ನು ಎರಡನ್ನೂ ಸೇರಿಸಿ ಚುಚ್ಚಬಾರದು. ಮೇಲಿನ ಪದರಕ್ಕೆ ಮಾತ್ರ. ಇದನ್ನು ಅವನಿಗೆ ಈಗಲೇ ಹೇಳು.

ಯಾಕೆ ಅಂತ ಹೇಳುತ್ತೇನೆ. 1983ರ ಮಾತು. ನಾವು ಅಬರ್ಡೀನಿಗೆ ಬಂದು ಎರಡನೇ ಚಳಿಗಾಲ. ಆ ಕಲ್ಲಿನ ಮನೆ, ದೊಡ್ಡಕ್ಕ ಬಂದು ಮೂರು ತಿಂಗಳು ಇದ್ದಳಲ್ಲ, ಅದೇ ಮನೆ. ಆಗ ಸಮುದ್ರದ ತಳದಿಂದ ಎಣ್ಣೆ ತೆಗೆಯುವ ಕೆಲಸ ಜೋರಾಗಿತ್ತು, ನಾನು ಡ್ರಾಯಿಂಗ್ ಆಫೀಸಿನಲ್ಲಿದ್ದೆ. ನನ್ನ ಪಕ್ಕದ ಮೇಜಿನವನು ಬಹಳ ಒಳ್ಳೆಯವನು. ಸೇಂಟ್ ಆಂಡ್ರ್ಯೂ ದಿನ ಎಲ್ಲರೂ ಕಿಲ್ಟ್ ಉಡುತ್ತೇವೆ, ನೀನೂ ಉಡು ಅಂದ. ನನ್ನ ಹತ್ತಿರ ಎಲ್ಲಿತ್ತು? ಅವನೇ ತಂದುಕೊಟ್ಟ. ಅವರಪ್ಪನದು. ಅಪ್ಪ ತೀರಿಕೊಂಡು ಆಗಿನ್ನೂ ಒಂದು ವರ್ಷ. ಅವನಿಗೆ ಅದು ಸೊಂಟಕ್ಕೆ ಬರುತ್ತಿರಲಿಲ್ಲ, ನನಗೆ ಸರಿಯಾಗಿ ಕೂತಿತು. ಕಾಗದದಲ್ಲಿ ಸುತ್ತಿ ತಂದಿದ್ದ. ಬಿಚ್ಚಿದರೆ ಕರ್ಪೂರದಂಥ ವಾಸನೆ, ನುಸಿಗುಳಿಗೆಯದು. ಎಂಟು ಗಜ ಉಣ್ಣೆ, ಕೈಯಲ್ಲಿ ಹಿಡಿದರೆ ಕಂಬಳಿಯಷ್ಟು ಭಾರ. ಹಿಂದಿನ ನೆರಿಗೆ ಒಂದೊಂದನ್ನೂ ಕೈಯಲ್ಲೇ ಹೊಲಿದಿದ್ದರು.

ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತು. ನಿಮ್ಮ ಅತ್ತೆಯೇ ಉಡಿಸಿದಳು. ನೆರಿಗೆ ಹಿಂದಕ್ಕೆ, ಚಪ್ಪಟೆ ಭಾಗ ಮುಂದಕ್ಕೆ, ಬಕಲ್ ಎಲ್ಲ ಸರಿಯಾಗಿಯೇ ಹಾಕಿದಳು. ಬಲಗಡೆ ಕೆಳಗೆ ಮೂಲೆಯಲ್ಲಿ ದೊಡ್ಡ ಪಿನ್ ಬರುತ್ತದೆ. ಅವಳು ಸೀರೆಯ ನೆರಿಗೆಗೆ ಚುಚ್ಚುವ ಹಾಗೆ ಕೆಳಗಿನ ಪದರವನ್ನೂ ಸೇರಿಸಿ ಚುಚ್ಚಿದಳು, ಬಿಚ್ಚಿಕೊಳ್ಳಬಾರದು ಅಂತ. ಪಾಪ, ಅವಳ ತಪ್ಪೇನಿಲ್ಲ. ಆ ಪಿನ್ನಿನ ಕೆಲಸ ಕೂಡಿಸಿ ಹಿಡಿಯುವುದಲ್ಲ, ಮೂಲೆಗೆ ಭಾರ ಕೊಡುವುದು, ಗಾಳಿಗೆ ಹಾರದ ಹಾಗೆ. ನಮಗೆ ಯಾರು ಹೇಳಿದ್ದರು?

ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಿ ಇಟ್ಟೆ. ಪರ್ ಅಂತ ಸದ್ದು. ಎರಡು ಪದರ ಎರಡು ಕಡೆಗೆ ಎಳೆದಿತ್ತು. ಬಗ್ಗಿ ನೋಡಿದರೆ ಪಿನ್ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಹರಿದಿತ್ತು, ಹಸಿರು ನೂಲು ಹೊರಗೆ ನೇತಾಡುತ್ತಿತ್ತು. ದಾರಿಯುದ್ದಕ್ಕೂ ಅಲ್ಲಿ ಕೈ ಮುಚ್ಚಿಕೊಂಡು ಕೂತಿದ್ದೆ.

ಆಫೀಸಿನಲ್ಲಿ ಯಾರೂ ನಗಲಿಲ್ಲ ಪುಟ್ಟಿ. ಮ್ಯಾನೇಜರ್ ಎದ್ದು ಬಂದು ಕೈ ಕುಲುಕಿದರು. ನೆಲ ಒರೆಸುವ ವಯಸ್ಸಾದ ಹೆಂಗಸು ಒಬ್ಬರು ಬಕೆಟ್ ಇಟ್ಟು, ಕುಕ್ಕರುಗಾಲಲ್ಲಿ ಕೂತು, ನನ್ನ ಕಾಲುಚೀಲದ ಪಟ್ಟಿ ಸರಿಮಾಡಿದರು, ಶಾಲೆಗೆ ಹೋಗುವ ಮಗನಿಗೆ ಮಾಡುವ ಹಾಗೆ. ನಾನು ಮಾತ್ರ ಇಡೀ ದಿನ ಬಲಗೈ ತೆಗೆಯಲಿಲ್ಲ. ಸಂಜೆ ಅವನಿಗೆ ತೋರಿಸಿದೆ. ಪರವಾಗಿಲ್ಲ ಬಿಡು ಅಂದ. ಬಾಯಲ್ಲಿ ಅಂದ, ಆದರೆ ಅವನ ಬೆರಳು ಆ ಹರಿದ ಜಾಗವನ್ನು ಸವರುತ್ತಲೇ ಇತ್ತು. ಆಮೇಲೆ ನಿಮ್ಮ ಅತ್ತೆ ಊರೆಲ್ಲ ಹುಡುಕಿ ಕಿಲ್ಟ್ ಹೊಲಿಯುವ ಒಬ್ಬ ಅಜ್ಜಿಯನ್ನು ಹಿಡಿದಳು. ಅವರು ನೆರಿಗೆಯ ಒಳಮಡಿಕೆಯಿಂದಲೇ ನೂಲು ಎಳೆದು ರಫು ಹಾಕಿಕೊಟ್ಟರು. ಹೊರಗಿನವರಿಗೆ ಗೊತ್ತಾಗುವುದಿಲ್ಲ. ನನಗೆ ಇವತ್ತಿಗೂ ಗೊತ್ತಾಗುತ್ತದೆ ಆ ಜಾಗ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಅದು ಅವರಿಗೆ ಸುಮ್ನೆ ಬಟ್ಟೆ ಅಲ್ಲ. 1746ರಲ್ಲಿ ಕಲ್ಲೋಡನ್ ಯುದ್ಧದಲ್ಲಿ ಹೈಲೆಂಡಿನವರು, ಅಂದರೆ ಸ್ಕಾಟ್ಲೆಂಡಿನ ಗುಡ್ಡಗಾಡಿನವರು, ಸೋತ ಮೇಲೆ ಲಂಡನ್ನಿನವರು ಕಾನೂನೇ ಮಾಡಿದ್ದರು, ಸೈನಿಕರನ್ನು ಬಿಟ್ಟು ಅಲ್ಲಿನ ಗಂಡಸರು ಯಾರೂ ಕಿಲ್ಟ್ ಉಡಬಾರದು ಅಂತ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಮತ್ತೆ ಉಟ್ಟರೆ ಏಳು ವರ್ಷ ಕಡಲಾಚೆಗೆ ಗಡೀಪಾರು. 1782ರಲ್ಲಿ ತೆಗೆದರು ಆ ಕಾನೂನನ್ನು. ಅಷ್ಟು ವರ್ಷ ಉಡಲು ಬಿಡದಿದ್ದರೂ ಉಳಿಸಿಕೊಂಡಿದ್ದಾರೆ. ಈಗ ಮದುವೆಗೆ ಉಡುತ್ತಾರೆ, ಡಿಗ್ರಿ ತೆಗೆದುಕೊಳ್ಳುವಾಗ ಉಡುತ್ತಾರೆ, ಫುಟ್‌ಬಾಲ್ ನೋಡಲು ಹೋಗುವಾಗಲೂ ಉಡುತ್ತಾರೆ. ಗ್ಲಾಸ್ಗೋದಲ್ಲಿ ನಮ್ಮ ಸರ್ದಾರ್‌ಗಳು ಪಗಡಿ ಕಟ್ಟಿ, ಕಿಲ್ಟ್ ಉಟ್ಟು ಮದುವೆಗೆ ಬರುತ್ತಾರೆ, ಏನು ಲಕ್ಷಣವಾಗಿ ಕಾಣುತ್ತಾರೆ. ಸಿಂಗ್ ಅನ್ನುವ ಹೆಸರಿನಲ್ಲೇ ಒಂದು ಟಾರ್ಟನ್ ಚೌಕಳಿ ದಾಖಲಾಗಿದೆ.

ನಮ್ಮವರು ಏನು ಮಾಡಿದರು? ಇದನ್ನು ಹೇಳಬಾರದು ಅಂದುಕೊಂಡಿದ್ದೆ, ಆದರೆ ಹೇಳುತ್ತೇನೆ. ಆವತ್ತಿನ ಫೋಟೋ ಊರಿಗೆ ಕಳಿಸಿದ್ದೆ. ಲಂಗ ಹಾಕಿಕೊಂಡಿದ್ದಾನೆ ಅಂತ ಮನೆಮಂದಿಯೆಲ್ಲ ನಕ್ಕರಂತೆ. ಅಮ್ಮ ಒಬ್ಬಳೇ ಅದನ್ನು ದೇವರ ಮನೆಯ ಗೋಡೆಗೆ ಹಾಕಿಸಿದ್ದು. ಹೋಗಲಿ, ಅದು ಹಳೆಯ ಮಾತು. 2011ರಲ್ಲಿ ಬೆಂಗಳೂರಿನ ರಿಸೆಪ್ಶನ್‌ಗೆ ನಾನು ಅಪ್ಪನ ಮೈಸೂರು ರೇಷ್ಮೆ ಪಂಚೆ ಉಟ್ಟು ಬಂದೆ. ಜರಿ ಅಂಚಿನದು, ಅಪ್ಪ ತಮ್ಮ ಮದುವೆಗೆ ಉಟ್ಟಿದ್ದು. ಫೋಟೋ ತೆಗೆಯುವ ಹೊತ್ತಿಗೆ ಬಂದು, ಮಾವ, ಒಂದು ಪ್ಯಾಂಟ್ ಹಾಕಿಕೊಂಡು ಬಂದುಬಿಡಿ, ಎಲ್ಲರೂ ಸೂಟಿನಲ್ಲಿದ್ದಾರೆ, ಚೆನ್ನಾಗಿ ಕಾಣಲ್ಲ ಅಂದರು. ಅಂದವರು ಈ ಗ್ರೂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ನಾನು ಫೋಟೋಗೆ ನಿಲ್ಲಲೇ ಇಲ್ಲ. ಆಲ್ಬಮ್ ತೆಗೆದು ನೋಡಿ, ನಾನು ಇರುವುದಿಲ್ಲ. ಪರದೇಶದ ಹೆಂಗಸು ಕೆಲಸ ಬಿಟ್ಟು ನನ್ನ ಕಾಲುಚೀಲ ಸರಿಮಾಡಿದಳು, ನನ್ನವರೇ ಅಪ್ಪನ ಪಂಚೆ ಬದಲಾಯಿಸು ಅಂದರು. ಮನಸ್ಸಿಗೆ ನೋವಾಗುತ್ತದೆ ಅಲ್ವಾ? ಇಷ್ಟು ವರ್ಷ ಹೇಳಿರಲಿಲ್ಲ, ಈಗ ಹೇಳಿದೆ.

ಇರಲಿ. ಏನು ಹೇಳುತ್ತಿದ್ದೆ? ಹಾಂ, ಪಿನ್. ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಕೆಳಗಿನ ಪದರಕ್ಕೆ ತಾಗಲೇಬಾರದು. ಚುಚ್ಚಿದ ಮೇಲೆ ಒಳಗೆ ಕೈ ಹಾಕಿ ನೋಡಿಕೊಳ್ಳಲಿ.

ಈಗ ನೀನು ಕೇಳಿದ್ದು. ನಗುವುದಿಲ್ಲ, ಸಿಟ್ಟಾಗುವುದೂ ಇಲ್ಲ, ಸರಿಯಾಗಿ ಉಟ್ಟರೆ. ಸ್ಕರ್ಟ್ ಅಂತ ಮಾತ್ರ ಇವನು ಬಾಯಿತಪ್ಪಿಯೂ ಅನ್ನಬಾರದು. ಇದು ಯಾವ ಮನೆತನದ ಟಾರ್ಟನ್ ಅಂತ ಕೆಲವರು ಕೇಳುತ್ತಾರೆ, ನಮ್ಮಲ್ಲಿ ಗೋತ್ರ ಕೇಳುವ ಹಾಗೆ. ಅದಕ್ಕೆ ಬ್ಲ್ಯಾಕ್ ವಾಚ್ ಅನ್ನುವ ಚೌಕಳಿ ಉಟ್ಟರೆ ಒಳ್ಳೆಯದು, ಕಡು ಹಸಿರು, ಕಡು ನೀಲಿ, ಅದನ್ನು ಯಾರು ಬೇಕಾದರೂ ಉಡಬಹುದು. ಒಳಗೆ ಏನು ಹಾಕಿದ್ದೀಯ ಅಂತ ಸಂಜೆ ಪಬ್ ಮುಂದೆ ಕುಡಿದವರು ಕೇಳುತ್ತಾರೆ. ಉತ್ತರ ಕೊಡದೆ ನಡೆದುಬಿಡಲಿ. ಆಫೀಸಿನಲ್ಲೇ ಯಾರಾದರೂ ಅಂಚು ಎತ್ತಲು ಕೈ ಹಾಕಿದರೆ ಮಾತ್ರ ಸುಮ್ಮನಿರಬಾರದು, ಗಂಡಸಾಗಲಿ ಹೆಂಗಸಾಗಲಿ. ಬೇಡ ಅಂತ ಅಲ್ಲೇ ಗಟ್ಟಿಯಾಗಿ ಹೇಳಲಿ, ಮೇಲಿನವರಿಗೂ ತಿಳಿಸಲಿ. ದಿನಾ ಉಟ್ಟುಕೊಂಡು ಹೋಗುತ್ತೇನೆ ಅಂದರೆ ಬೇಡ ಅನ್ನು, ಇಲ್ಲಿಯವರೇ ಜಾಸ್ತಿ ಜನ ದಿನಾ ಉಡುವುದಿಲ್ಲ. ಕಾಲುಚೀಲದಲ್ಲಿ ಸಿಕ್ಕಿಸುವ ಸಣ್ಣ ಚಾಕು ಮನೆಯಲ್ಲೇ ಇರಲಿ. ಚಳಿಯ ಯೋಚನೆ ಬೇಡ, ಅಷ್ಟು ಉಣ್ಣೆ ಇರುತ್ತದೆ, ಮಂಡಿಗೆ ಮಾತ್ರ ಸ್ವಲ್ಪ ಚಳಿ.

ಮತ್ತೆ, ಹೊಸದು ಕೊಂಡುಕೊಳ್ಳಬೇಡ ಅನ್ನು. ಎಂಟು ಗಜದ್ದಕ್ಕೆ ನೂರಾರು ಪೌಂಡ್ ಆಗುತ್ತದೆ. ನಾನು 1991ರಲ್ಲಿ ಹೊಲಿಸಿದ ಬ್ಲ್ಯಾಕ್ ವಾಚ್ ಪೆಟ್ಟಿಗೆಯಲ್ಲಿದೆ. ಈಗ ನನಗೆ ಆಗುವುದಿಲ್ಲ, ಅವನಿಗೆ ಆಗಬಹುದು. ಅಳತೆ ತೆಗೆದು ಕಳಿಸಲಿ. ಪ್ಯಾಂಟ್ ಹಾಕುವ ಸೊಂಟದ್ದಲ್ಲ, ಹೊಕ್ಕುಳಿನ ಸುತ್ತಲಿನದು. ಪೃಷ್ಠದ ಸುತ್ತಳತೆ. ಹೊಕ್ಕುಳಿನಿಂದ ಮಂಡಿಯ ನಡುವಿನವರೆಗೆ ಉದ್ದ. ಆಗದಿದ್ದರೆ ಬಾಡಿಗೆಗೆ ತರೋಣ, ಅವರಿಗೂ ಇದೇ ಅಳತೆ ಬೇಕು. ಎಡಿನ್‌ಬರೋದಿಂದ ಇಲ್ಲಿ ಅಬರ್ಡೀನಿಗೆ ರೈಲಿನಲ್ಲಿ ಎರಡೂವರೆ ಗಂಟೆ. ಶನಿವಾರ ಬಂದುಬಿಡಲಿ, ಉಡಿಸಿ ತೋರಿಸುತ್ತೇನೆ. ನಿಮ್ಮ ಅತ್ತೆ ಬಿಸಿಬೇಳೆಬಾತ್ ಮಾಡುತ್ತೇನೆ ಅನ್ನುತ್ತಿದ್ದಾಳೆ. ಬರುವ ಮುಂಚೆ ನನ್ನ ಲ್ಯಾಂಡ್‌ಲೈನಿಗೆ ಫೋನ್ ಮಾಡಲಿ, ಮೊಬೈಲ್ ಮಹಡಿಯ ಮೇಲಿರುತ್ತದೆ.