ಮುಖಕ್ಕೆ ನೀರು ಬಿದ್ದರೆ ಅಳುವ ಮಗುವಿಗೆ ಈಜು ಕಲಿಸುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನನ್ನ ಮಗಳಿಗೆ 5 ವರ್ಷ. ಈಜು ಕ್ಲಾಸಿಗೆ ಸೇರಿಸಿ ಒಂದು ತಿಂಗಳಾಯಿತು. ಸೊಂಟದುದ್ದ ನೀರಿನಲ್ಲಿ ಖುಷಿಯಾಗಿ ಆಡುತ್ತಾಳೆ. ಆದರೆ ಮುಖಕ್ಕೆ ನೀರು ಬಿದ್ದ ಕೂಡಲೇ ಅಪ್ಪಿಕೊಂಡು ಅಳುತ್ತಾಳೆ. ಜೊತೆಗೆ ಸೇರಿದ ಮಕ್ಕಳು ಆಗಲೇ ಕಾಲು ಬಡಿಯುತ್ತಾ ಮುಂದೆ ಹೋಗುತ್ತಿದ್ದಾರೆ. "ಒಂದು ಸಲ ನೀರಿಗೆ ತಳ್ಳಿಬಿಡು, ತಾನೇ ಕಲಿಯುತ್ತಾಳೆ" ಅಂತ ಮನೆಯಲ್ಲಿ ಹೇಳುತ್ತಾರೆ. ಏನು ಮಾಡಲಿ?

ಉತ್ತರ (ಈಜು ತರಬೇತುದಾರ): ಮೇಡಂ, ದಯವಿಟ್ಟು ತಳ್ಳಬೇಡಿ. ಹಾಗೆ ಕಲಿತವರೂ ಇದ್ದಾರೆ, ನಿಜ. ಆದರೆ ಆ ದಿನದಿಂದ ನೀರಿನ ಹತ್ತಿರವೇ ಹೋಗದವರೂ ಇದ್ದಾರೆ. ದೊಡ್ಡವರಾದ ಮೇಲೆ ನನ್ನ ಬಳಿ ಕಲಿಯಲು ಬರುವವರಲ್ಲಿ ಹಲವರು ಇದೇ ಕಥೆ ಹೇಳುತ್ತಾರೆ.

ನಿಮ್ಮ ಮಗಳಿಗೆ ನೀರಿನ ಭಯವಿಲ್ಲ, ಆಡುತ್ತಾಳಲ್ಲ. ಅವಳಿಗಿರುವುದು ಉಸಿರಿನ ತೊಂದರೆ. ಮುಖ ಒದ್ದೆಯಾದ ಕೂಡಲೇ ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಾ ಹೋದಂತೆ ಚಡಪಡಿಕೆ ಶುರುವಾಗುತ್ತದೆ. ತಲೆ ಎತ್ತಿದಾಗ ಹಿಡಿದ ಉಸಿರನ್ನು ಬಿಟ್ಟು, ಹೊಸದನ್ನು ಎಳೆದುಕೊಳ್ಳಬೇಕು. ಆ ಗಡಿಬಿಡಿಯಲ್ಲೇ ನೀರು ಕುಡಿಯುವುದು. ನೀರೊಳಗೇ ಉಸಿರು ಬಿಡಲು ಕಲಿತ ಮಗು ಅರ್ಧ ಈಜು ಕಲಿತ ಹಾಗೆ.

ಇದನ್ನು ಸ್ನಾನದ ಮನೆಯಲ್ಲೇ ಶುರುಮಾಡಿ. ಮಗ್ಗು ಅವಳ ಕೈಗೇ ಕೊಡಿ. ಮೊದಲು ಭುಜ, ಆಮೇಲೆ ಕತ್ತು, ಕೊನೆಗೆ ತಲೆ. ಅವಳೇ ಸುರಿದುಕೊಳ್ಳಲಿ. ಅಗಲ ಪಾತ್ರೆಯ ನೀರಿನಲ್ಲಿ ಬಾಯಿಟ್ಟು ಗುಳ್ಳೆ ಬಿಡಿಸಿ. ಅದು ಬಂದ ಮೇಲೆ ಬಾಯಿ ಮುಚ್ಚಿ "ಮ್‌ಮ್‌ಮ್" ಅಂತ ಗುನುಗುತ್ತಾ ಮೂಗನ್ನೂ ಮುಳುಗಿಸಲಿ. ಗುನುಗುವಾಗ ಗಾಳಿ ಮೂಗಿನಿಂದಲೇ ಹೊರಬರುತ್ತದೆ, ಹಾಗಾಗಿ ನೀರು ಒಳಗೆ ನುಗ್ಗುವುದಿಲ್ಲ. ನೀವೂ ಜೊತೆಗೆ ಮಾಡಿ, ಅವಳಿಗೆ ಅದು ಆಟವಾಗುತ್ತದೆ.

ಇನ್ನೊಂದು ಮಾತು. "ಮೂರು ಎಣಿಸಿ ಮುಳುಗೋಣ" ಅಂದರೆ ಮೂರಕ್ಕೇ ಮುಳುಗಿ. ಎರಡಕ್ಕೇ ಮುಳುಗಿಸಿ ನಗಬೇಡಿ. ಅಲ್ಲಿ ಹೋದ ನಂಬಿಕೆ ವಾಪಸ್ ಬರಲು ವಾರಗಳೇ ಬೇಕು. ಬೇರೆ ಮಕ್ಕಳ ಜೊತೆ ಹೋಲಿಸುವುದನ್ನೂ ಬಿಡಿ.

ಪ್ರಶ್ನೆ (ಇನ್ನೊಬ್ಬ ಪೋಷಕರು): ತೋಳಿಗೆ ಹಾಕುವ ಗಾಳಿ ತುಂಬಿದ ಫ್ಲೋಟ್ ಹಾಕಿದರೆ ಧೈರ್ಯ ಬರುವುದಿಲ್ಲವಾ ಸರ್?

ಉತ್ತರ: ಬರುತ್ತದೆ, ಆದರೆ ಫ್ಲೋಟ್ ಇರುವ ತನಕ ಮಾತ್ರ. ಅದು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ. ಈಜಲು ಮೈ ಮಲಗಬೇಕು. ಫ್ಲೋಟ್ ತೆಗೆದ ದಿನ ಮಗು ಅದೇ ಭಂಗಿಯಲ್ಲಿ ನಿಂತು ಮುಳುಗುತ್ತದೆ. ಜೊತೆಗೆ ಅದು ತೋಳಿನಿಂದ ಜಾರಬಹುದು, ಗಾಳಿ ಹೋಗಬಹುದು. ಅದನ್ನು ಜೀವ ಉಳಿಸುವ ಸಾಧನ ಅಂತ ನಂಬಬೇಡಿ. ನಿಮ್ಮ ಕೈಯೇ ಸಾಕು.

ಪ್ರಶ್ನೆ: ನನ್ನ ಮಗನಿಗೆ 7 ವರ್ಷ. ಅಂಗಾತ ತೇಲಲು ಹೋದರೆ ಕಾಲು ಮುಳುಗಿ ಒದ್ದಾಡುತ್ತಾನೆ.

ಉತ್ತರ: ತಲೆ ಎತ್ತಿ ಕಾಲು ನೋಡುತ್ತಿರುತ್ತಾನೆ, ಅಲ್ವಾ? ತಲೆ ಮೇಲೆ ಬಂದರೆ ಸೊಂಟ ಕೆಳಗೆ ಹೋಗುತ್ತದೆ. ಕಿವಿ ಎರಡೂ ನೀರೊಳಗಿರಲಿ, ಕಣ್ಣು ನೇರ ಮೇಲೆ ನೋಡಲಿ, ಹೊಟ್ಟೆ ಮೇಲೆತ್ತಲಿ. ಎದೆ ತುಂಬ ಗಾಳಿ ಇದ್ದರೆ ಅದೇ ತೇಲಿಸುತ್ತದೆ. ಕಾಲು ಸ್ವಲ್ಪ ಇಳಿದರೂ ಪರವಾಗಿಲ್ಲ, ಬಾಯಿ ಮೂಗು ಮೇಲಿದ್ದರೆ ಸಾಕು. ನಿಮ್ಮ ಅಂಗೈ ತಲೆಯ ಕೆಳಗಿರಲಿ. ನಂತರ ಬರೀ ಎರಡು ಬೆರಳು. ಬಿಡುವಾಗ ಹೇಳಿಯೇ ಬಿಡಿ.

ಅದಕ್ಕೂ ಮೊದಲು, ತೇಲುತ್ತಿರುವಾಗ ಎದ್ದು ನಿಲ್ಲುವುದನ್ನು ಕಲಿಸಿ. ಮಂಡಿಯನ್ನು ಎದೆಯತ್ತ ಎಳೆದುಕೊಂಡು, ಗದ್ದ ಒಳಗೆ ತಂದು, ಕೈಯಿಂದ ನೀರು ತಳ್ಳುತ್ತಾ ಪಾದ ಊರಬೇಕು. ಬೇಕೆಂದಾಗ ನಿಲ್ಲಬಲ್ಲೆ ಅಂತ ಗೊತ್ತಾದ ಮಗು ಮೈ ಸಡಿಲ ಬಿಡುತ್ತದೆ. ಬಹಳ ಕ್ಲಾಸುಗಳಲ್ಲಿ ಇದನ್ನು ಹೇಳಿಕೊಡುವುದೇ ಇಲ್ಲ, ನನಗೆ ಅದು ಬೇಜಾರು.

ತುಟಿ ನೀಲಿಯಾಗಿ ನಡುಗುತ್ತಿದ್ದರೆ ಕೂಡಲೇ ಹೊರಗೆ ಕರೆತನ್ನಿ. ಚಿಕ್ಕವರಿಗೆ ಅರ್ಧ ಗಂಟೆ ಸಾಕು.

ಪ್ರಶ್ನೆ (ಮೊದಲು ಕೇಳಿದ ತಾಯಿ): ತುಂಬಾ ಥ್ಯಾಂಕ್ಸ್ ಸರ್. ಈಜು ಬಂದ ಮೇಲೆ ಒಬ್ಬಳನ್ನೇ ನೀರಿಗೆ ಬಿಡಬಹುದಾ?

ಉತ್ತರ: ಬೇಡ ಮೇಡಂ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಉಸಿರಿಗೇ ಪರದಾಡುತ್ತಿರುತ್ತದೆ. ಸದ್ದು ಕೇಳಿದ ಮೇಲೆ ಓಡುತ್ತೇನೆ ಅಂದುಕೊಳ್ಳಬೇಡಿ. ಚಿಕ್ಕವರು ಕೈಗೆಟುಕುವಷ್ಟು ಹತ್ತಿರ ಇರಬೇಕು, ಫೋನ್ ಬ್ಯಾಗಿನಲ್ಲಿರಬೇಕು. ಸ್ವಲ್ಪ ದೊಡ್ಡವರಾದ ಮೇಲೆ "ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ" ಅನ್ನುವ ಪಂದ್ಯ ಕಟ್ಟುತ್ತಾರೆ. ಅದಕ್ಕೂ ಬಿಡಬೇಡಿ. ಚೆನ್ನಾಗಿ ಈಜುವವರೂ ಅದರಲ್ಲಿ ನೀರೊಳಗೇ ಪ್ರಜ್ಞೆ ತಪ್ಪುತ್ತಾರೆ.